ಮೊದಲಿನಂತೆ ನಡೆಯಲಾಗದ ನನಗೆ ಗಿಡಮರ ಖುಷಿ ಕೊಡುತ್ತದೆಯೇ?

ಪ್ರಶ್ನೆ: ನನಗೆ 43 ವರ್ಷ. ಆರು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳು ಊದಿ ನೋಯುವ ಕಾಯಿಲೆ ಇದೆ. ಮೊದಲು ನನಗೆ ಬೆಟ್ಟ ಹತ್ತುವುದು, ಕಾಡಿನಲ್ಲಿ ನಡೆಯುವುದು ಅಂದರೆ ಪ್ರಾಣ. ಈಗ ಪಾರ್ಕಿನ ಗೇಟು ಮುಟ್ಟುವಷ್ಟರಲ್ಲೇ ಪಾದ, ಮಂಡಿ ಎರಡೂ ಕೈಕೊಡುತ್ತವೆ. ಎಲ್ಲರೂ "ಬೆಳಿಗ್ಗೆ ಬೇಗ ಎದ್ದು ಹಸಿರಿನ ನಡುವೆ ಓಡಾಡು, ಮನಸ್ಸು ಹಗುರಾಗುತ್ತೆ" ಅನ್ನುತ್ತಾರೆ. ಹೋದರೆ ನನಗೆ ಅಳು ಬರುತ್ತದೆ. ಕಣ್ಣು ಮುಚ್ಚಿ ಉಸಿರನ್ನು ಗಮನಿಸಿ ಅನ್ನುವ ಒಂದು ಆ್ಯಪ್ ಹಾಕಿಕೊಂಡೆ. ನೋವೇ ಇನ್ನೂ ಜಾಸ್ತಿ ಗೊತ್ತಾಯಿತು. ಆದರೆ ಹೋದ ತಿಂಗಳು ಒಂದು ಮಧ್ಯಾಹ್ನ ಕಿಟಕಿಯ ಹೊರಗೆ ಒಂದು ಅಳಿಲು ಬಂತು. ಬಾಲವನ್ನು ಪಟಪಟ ಬಡಿಯುತ್ತಾ ಒಂದೇ ಕೊಂಬೆಯ ಮೇಲೆ ಹಿಂದೆ ಮುಂದೆ ಓಡಾಡಿತು. ಕೊನೆಗೆ ತಲೆಕೆಳಗಾಗಿ ಇಳಿದು ಹೋಯಿತು. ಹತ್ತು ನಿಮಿಷ ಅದನ್ನೇ ನೋಡುತ್ತಾ ಕೂತಿದ್ದೆ. ನಿಜವಾಗಲೂ ಖುಷಿಯಾಯಿತು. ಆಮೇಲೆ ಒಂಥರಾ ತಪ್ಪು ಮಾಡಿದ ಹಾಗೆ ಅನ್ನಿಸಿತು. ಹೀಗೆ ನಗುತ್ತಾ ಕೂತಿದ್ದರೆ ಮನೆಯವರು ಇವಳಿಗೆ ಏನೂ ಆಗಿಲ್ಲ ಅಂದುಕೊಳ್ಳುವುದಿಲ್ಲವೇ? ನನ್ನ ಗಂಡ ಜೊತೆಗೆ ಬರುತ್ತಾರೆ. ಆದರೆ ಹೆಜ್ಜೆಗೊಮ್ಮೆ "ಸುಸ್ತಾಯ್ತಾ, ನೋಯ್ತಿದೆಯಾ" ಅಂತ ಕೇಳುತ್ತಾರೆ. ಕಾಯಿಲೆ ಇಟ್ಟುಕೊಂಡೇ ಪ್ರಕೃತಿಯಲ್ಲಿ ಖುಷಿ ಕಾಣಬಹುದು ಅನ್ನುವುದು ನಿಜವೇ? ಹೌದಾದರೆ ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಅಳಿಲು. ಪಾರ್ಕು, ಆ್ಯಪ್, ಜನರ ಸಲಹೆ, ಇವುಗಳ ಬಗ್ಗೆ ಬರೆಯುವಾಗ ನಿಮ್ಮ ಮಾತು ದಣಿದಿದೆ. ಅಳಿಲು ಬಂದ ತಕ್ಷಣ ಮಾತಿಗೆ ಜೀವ ಬಂದಿದೆ. ಬಾಲ ಹೇಗೆ ಬಡಿಯಿತು, ಹೇಗೆ ಇಳಿಯಿತು ಅಂತ ಒಂದೊಂದನ್ನೂ ಬರೆದಿದ್ದೀರಿ. ಒಂದು ತಿಂಗಳಾದರೂ ಅದು ಮನಸ್ಸಿನಲ್ಲಿ ಹಾಗೇ ಉಳಿದಿದೆ. ಅಂದರೆ ನೀವು ಕೇಳುತ್ತಿರುವುದು ನಿಮಗೆ ಒಂದು ಸಲ ಆಗಲೇ ಸಿಕ್ಕಿದೆ. ಅದೂ ಯಾರೂ ಹೇಳಿಕೊಡದೆ, ಕುರ್ಚಿಯಿಂದ ಏಳದೆ. ಅದು ಯಾಕೆ ಸಿಕ್ಕಿತು, ಪಾರ್ಕಿನಲ್ಲಿ ಯಾಕೆ ಸಿಗಲಿಲ್ಲ ಅನ್ನುವುದನ್ನು ನೋಡೋಣ.

ಮೊದಲು ಪಾರ್ಕಿನ ಅಳುವಿನ ವಿಷಯ. ದೀರ್ಘ ಕಾಯಿಲೆ ಇರುವವರ ಜೊತೆ ಆಪ್ತಸಮಾಲೋಚಕಿಯಾಗಿ ಕೂತು ಮಾತಾಡುವುದು ನನ್ನ ಕೆಲಸ. ಮೊದಲು ಚೆನ್ನಾಗಿ ಓಡಾಡಿಕೊಂಡಿದ್ದವರಲ್ಲಿ ಈ ಅಳುವನ್ನು ಮತ್ತೆ ಮತ್ತೆ ಕಂಡಿದ್ದೇನೆ. ಪಾರ್ಕಿಗೆ ಕಾಲಿಟ್ಟ ಕೂಡಲೇ ಕಣ್ಣು ಮರವನ್ನು ನೋಡುವುದಿಲ್ಲ. ಪಕ್ಕದಲ್ಲಿ ಬಿರಬಿರನೆ ಹೋಗುತ್ತಿರುವವರನ್ನು ನೋಡುತ್ತದೆ. ಮನಸ್ಸು ತಕ್ಷಣ ಹಳೆಯ ಲೆಕ್ಕ ತೆಗೆಯುತ್ತದೆ. ಆಗ ಇಷ್ಟು ದೂರ ನಡೆಯುತ್ತಿದ್ದೆ, ಈಗ ಇಷ್ಟೇ. ನೀವು ಅಲ್ಲಿ ಹಸಿರಿನ ನಡುವೆ ಇದ್ದರೂ ಮನಸ್ಸು ಮಾತ್ರ ಆರು ವರ್ಷ ಹಿಂದಿನ ಯಾವುದೋ ಬೆಟ್ಟದ ಮೇಲೆ ಇರುತ್ತದೆ.

ಆ ಅಳುವನ್ನು ತಡೆಯಬೇಡಿ. ನೀವು ಕಳೆದುಕೊಂಡದ್ದು ಚಿಕ್ಕದೇನಲ್ಲ. ಗಟ್ಟಿಯಾಗಿ ಹೆಜ್ಜೆ ಇಡುವ ಒಂದು ದೇಹವನ್ನು ಕಳೆದುಕೊಂಡಿದ್ದೀರಿ. ಅದಕ್ಕೆ ದುಃಖಪಡಲೇಬೇಕು. "ಪಾಸಿಟಿವ್ ಆಗಿರು" ಅನ್ನುವವರ ಮಾತು ಕೇಳಿ ಅದನ್ನು ಒಳಗೆ ತಳ್ಳಿದರೆ ಅದು ಅಲ್ಲೇ ಕುದಿಯುತ್ತದೆ. ಆದರೆ ಆ ದುಃಖಕ್ಕೂ ಖುಷಿ ಹುಡುಕುವುದಕ್ಕೂ ಒಂದೇ ಜಾಗ ಇಟ್ಟುಕೊಳ್ಳಬೇಡಿ. ಸದ್ಯಕ್ಕೆ ಹಳೆಯ ಜಾಗಗಳನ್ನು, ನಡಿಗೆಯ ಹಾದಿಗಳನ್ನು ಬಿಟ್ಟುಬಿಡಿ. ನೀವು ಯಾವತ್ತೂ ವೇಗವಾಗಿ ನಡೆಯದ, ನಡೆಯುವ ಅಗತ್ಯವೇ ಇಲ್ಲದ ಒಂದು ಜಾಗ ಹುಡುಕಿಕೊಳ್ಳಿ. ಮೆಟ್ಟಿಲಿನ ಪಕ್ಕದ ಕಲ್ಲು, ಬಾಲ್ಕನಿಯ ಮೂಲೆ, ಆ ಅಳಿಲು ಬಂದ ಕಿಟಕಿ, ಯಾವುದಾದರೂ ಆದೀತು. ಅಲ್ಲಿ ಹೋಲಿಸಿಕೊಳ್ಳಲು ಹಳೆಯ ನೀವು ಇರುವುದಿಲ್ಲ.

ಬೆಳಿಗ್ಗೆ ಬೇಗ ಎದ್ದು ಓಡಾಡಿ ಅನ್ನುವ ಸಲಹೆ ಇದೆಯಲ್ಲ, ನಿಮ್ಮ ಕಾಯಿಲೆಗೆ ಅದು ಒಗ್ಗದ ಮಾತು. ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ಎದ್ದ ಮೇಲೆ ಒಂದು ಗಂಟೆ, ಕೆಲವರಿಗೆ ಅದಕ್ಕಿಂತ ಹೆಚ್ಚು ಹೊತ್ತು ಕೀಲುಗಳು ಹಿಡಿದುಕೊಂಡಿರುತ್ತವೆ. ಕೈ ಮುಷ್ಟಿ ಕಟ್ಟಲೂ ಆಗುವುದಿಲ್ಲ. ದಿನದ ಅತಿ ಕಷ್ಟದ ಹೊತ್ತಿನಲ್ಲಿ ನಿಮ್ಮನ್ನು ಹೊರಗೆ ಕಳಿಸಿ "ಈಗ ಖುಷಿಪಡು" ಅಂದರೆ ಹೇಗೆ? ಒಂದು ವಾರ ಸುಮ್ನೆ ಗಮನಿಸಿ. ಯಾವ ಹೊತ್ತಿನಲ್ಲಿ ಮೈ ಸ್ವಲ್ಪ ಸಡಿಲವಾಗಿರುತ್ತದೆ? ಹಲವರಿಗೆ ಮಧ್ಯಾಹ್ನದ ಹತ್ತಿರ ಅಥವಾ ಸಂಜೆಗೆ ಮುಂಚೆ. ಆ ಹೊತ್ತನ್ನು ಮನೆಗೆಲಸಕ್ಕೆ, ಫೋನಿಗೆ ಕೊಟ್ಟುಬಿಡಬೇಡಿ. ಅದರಲ್ಲಿ ಹತ್ತು ನಿಮಿಷವನ್ನಾದರೂ ಇದಕ್ಕೆ ಎತ್ತಿಡಿ. ನಿಮ್ಮ ಅಳಿಲು ಬಂದದ್ದು ಮಧ್ಯಾಹ್ನ ಅನ್ನುವುದನ್ನೂ ನೆನಪಿಟ್ಟುಕೊಳ್ಳಿ.

ಇನ್ನು ಆ್ಯಪ್ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ತುಂಬಾ ಜನ ತಮ್ಮನ್ನೇ ಬೈದುಕೊಂಡು ಬಿಟ್ಟುಬಿಡುತ್ತಾರೆ. ಈಗಿನ ಮೈಂಡ್‌ಫುಲ್‌ನೆಸ್, ಅಂದರೆ ಈ ಗಳಿಗೆಯಲ್ಲಿ ಆಗುತ್ತಿರುವುದನ್ನು ಸರಿ ತಪ್ಪು ಅನ್ನದೆ ಗಮನಿಸುವ ತರಬೇತಿ, ಆಸ್ಪತ್ರೆಗಳಿಗೆ ಬಂದದ್ದೇ ನೋವಿರುವವರಿಗಾಗಿ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಝಿನ್ ಕೆಲವು ವಾರಗಳ ಒಂದು ಕಾರ್ಯಕ್ರಮ ಶುರು ಮಾಡಿದರು. ಅಲ್ಲಿಗೆ ಬಂದವರಲ್ಲಿ ಹೆಚ್ಚಿನವರು ದೀರ್ಘಕಾಲದ ನೋವಿನವರು, ಚಿಕಿತ್ಸೆಯಿಂದ ಪೂರ್ತಿ ಪರಿಹಾರ ಸಿಗದವರು. ಅದರಲ್ಲಿ ದೇಹದ ಒಂದೊಂದು ಭಾಗವನ್ನೂ ನಿಧಾನವಾಗಿ ಗಮನಿಸುವ ಅಭ್ಯಾಸ ಇದೆ. ಅದು ಅನೇಕರಿಗೆ ನೆರವಾಗಿದೆ. ಆದರೆ ಅಲ್ಲಿ ಒಬ್ಬ ಶಿಕ್ಷಕರು ಎದುರಿಗಿರುತ್ತಾರೆ, ವಾರವಾರ ಕೇಳುತ್ತಾರೆ, ತಿದ್ದುತ್ತಾರೆ. ಒಬ್ಬರೇ ಮಲಗಿಕೊಂಡು ಫೋನಿನ ದನಿ ಕೇಳುತ್ತಾ ಉರಿಯುವ ಮಂಡಿಯನ್ನು ಗಮನಿಸುವುದು ಬೇರೆಯೇ ವಿಷಯ.

ಯೋಚಿಸಿ ನೋಡಿ. ಕಾಯಿಲೆ ಇರುವವರ ಗಮನ ದಿನವಿಡೀ ಒಳಗೇ ಇರುತ್ತದೆ. ಈ ಊತ ನಿನ್ನೆಗಿಂತ ಜಾಸ್ತಿಯಾ? ಮಾತ್ರೆ ತೆಗೆದುಕೊಂಡೆನಾ? ಈ ಡಬ್ಬಿಯ ಮುಚ್ಚಳ ತೆಗೆದರೆ ನಾಳೆ ಬೆರಳು ನೋಯುತ್ತದಾ? ಈ ಕಾವಲು ಕೆಲಸಕ್ಕೆ ರಜೆ ಅನ್ನುವುದೇ ಇಲ್ಲ. ಅಂಥವರಿಗೆ "ಇನ್ನೂ ಒಳಗೆ ನೋಡಿ" ಅಂದರೆ ದಣಿದ ಕಾವಲುಗಾರನಿಗೆ ಇನ್ನೊಂದು ಪಾಳಿ ಕೊಟ್ಟ ಹಾಗೆ. ಉಬ್ಬಸ ಇರುವವರಿಗೆ ಉಸಿರನ್ನೇ ಗಮನಿಸಿ ಅಂದಾಗಲೂ ಹೀಗೇ ಆಗುತ್ತದೆ. ಉಸಿರೇ ಅವರ ಭಯ ಅಲ್ವಾ?

ಅದಕ್ಕೇ ನಾನು ಇಂಥವರಿಗೆ ಗಮನದ ಗೂಟವನ್ನು ದೇಹದಿಂದ ಹೊರಗೆ ಹೂಳಲು ಹೇಳುತ್ತೇನೆ. ಕಣ್ಣು ಮುಚ್ಚುವುದು ಬೇಡ, ತೆರೆದಿರಲಿ. ಉಸಿರಿನ ಬದಲು ಒಂದು ಎಲೆ. ಒಂದು ಶಬ್ದ. ಒಂದು ನೆರಳು. ಮನಸ್ಸು ನೋವಿನ ಕಡೆ ಹೋದರೆ, ಹೋಗೇ ಹೋಗುತ್ತದೆ, "ಹೋಯಿತು" ಅಂದುಕೊಂಡು ಮತ್ತೆ ಎಲೆಗೆ ಬರುವುದು. ನೂರು ಸಲ ಹೋದರೆ ನೂರು ಸಲ ಬರುವುದು. ಇದೂ ಪೂರ್ತಿ ಮೈಂಡ್‌ಫುಲ್‌ನೆಸ್ಸೇ, ಕಡಿಮೆ ದರ್ಜೆಯದ್ದೇನೂ ಅಲ್ಲ.

ಎಲೆ, ಅಳಿಲು, ಮೋಡ ಇವೇ ಯಾಕೆ? ಮೇಜಿನ ಮೇಲಿನ ಲೋಟವನ್ನೂ ನೋಡಬಹುದಲ್ಲ? ನೋಡಬಹುದು, ಆದರೆ ಲೋಟವನ್ನು ನೋಡಲು ಶ್ರಮಪಡಬೇಕು. ಮಿಚಿಗನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ರೇಚಲ್ ಕಪ್ಲಾನ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ ಇದರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. ಅವರ ವಾದ ಹೀಗಿದೆ. ಲೆಕ್ಕ ಮಾಡುವುದು, ರಸ್ತೆ ದಾಟುವುದು, ಮಾತ್ರೆಯ ವೇಳಾಪಟ್ಟಿ ನೆನಪಿಡುವುದು, ಇದಕ್ಕೆಲ್ಲ ಬಳಸುವ ಗಮನ ಬೇಗ ದಣಿಯುತ್ತದೆ. ಗಾಳಿಗೆ ಅಲುಗುವ ಎಲೆ, ಹರಿಯುವ ನೀರು, ಸರಿಯುವ ಮೋಡ ನಮ್ಮ ಗಮನವನ್ನು ಮೆಲ್ಲಗೆ ಸೆಳೆಯುತ್ತವೆ. ಟಿವಿಯ ಹಾಗೆ ಎಳೆದು ಕೂರಿಸುವುದಿಲ್ಲ, ಬೇರೆ ಯೋಚನೆಗೂ ಜಾಗ ಬಿಡುತ್ತವೆ. ಆ ಹೊತ್ತಿನಲ್ಲಿ ದಣಿದ ಗಮನಕ್ಕೆ ವಿಶ್ರಾಂತಿ ಸಿಗುತ್ತದೆ. ನಿಮ್ಮ ಅಳಿಲು ಮಾಡಿದ್ದು ಇದನ್ನೇ. ನೀವು ಖುಷಿಯನ್ನು ಹುಡುಕುತ್ತಿರಲಿಲ್ಲ. ಅದು ಬಂದು ನಿಮ್ಮ ಕಾವಲುಗಾರನನ್ನು ಹತ್ತು ನಿಮಿಷ ಮನೆಗೆ ಕಳಿಸಿತು.

ಇನ್ನೊಂದು ಕಾರಣ ಇದೆ. ಇದು ಸಂಶೋಧನೆಯ ಮಾತಲ್ಲ, ಕೆಲಸ ಮಾಡುತ್ತಾ ನನಗೆ ಗೊತ್ತಾದದ್ದು. ಕಾಯಿಲೆಯವರನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಈಗ ಹೇಗಿದೆ? ವೈದ್ಯರು ಕೇಳುತ್ತಾರೆ, ನೆಂಟರು ಕೇಳುತ್ತಾರೆ, ಪ್ರೀತಿಯಿಂದಲೇ ಕೇಳುತ್ತಾರೆ. ಒಂದೊಂದು ಸಲವೂ ನೀವು ನಿಮ್ಮ ದೇಹದ ವರದಿ ಒಪ್ಪಿಸಬೇಕು. ಅಳಿಲು ಕೇಳಲಿಲ್ಲ. ಅದಕ್ಕೆ ಅದರದೇ ಕೆಲಸ ಇತ್ತು. ನೀವು ಅದರ ಎದುರು ರೋಗಿಯಾಗಿರಲಿಲ್ಲ, ಕಿಟಕಿಯಲ್ಲಿ ಕೂತ ಒಬ್ಬ ಮನುಷ್ಯಳಾಗಿದ್ದಿರಿ, ಅಷ್ಟೇ.

ಈಗ ಹೇಗೆ ಅನ್ನುವುದಕ್ಕೆ ಬರುತ್ತೇನೆ. ಒಂದು ಗಿಡವನ್ನು ಆರಿಸಿಕೊಳ್ಳಿ. ಒಂದೇ ಒಂದು. ಕುಂಡದಲ್ಲಿದ್ದರೂ ಸರಿ. ಅದರ ಪಕ್ಕ ಬೆನ್ನಿಗೆ ಆಸರೆ ಇರುವ ಕುರ್ಚಿ ಹಾಕಿಕೊಳ್ಳಿ. ಕುರ್ಚಿ ತೀರಾ ತಗ್ಗಿರಬಾರದು, ಏಳುವಾಗ ಮಂಡಿಗೆ ಹೊರೆಯಾಗುತ್ತದೆ. ಕೈಗಳನ್ನು ದಿಂಬಿನ ಮೇಲೆ ಇಟ್ಟುಕೊಳ್ಳಿ. ಫೋನು ಒಳಗಿರಲಿ. ಫೋಟೋ ತೆಗೆಯಬೇಕು ಅನ್ನಿಸುತ್ತದೆ. ಮೊದಲ ಕೆಲವು ದಿನ ಬೇಡ, ಫೋಟೋ ಸಿಕ್ಕ ತಕ್ಷಣ ನೋಡುವುದು ನಿಂತುಹೋಗುತ್ತದೆ.

ಆ ಗಿಡದಲ್ಲಿ ಈಗಷ್ಟೇ ಬಿಚ್ಚಿಕೊಳ್ಳುತ್ತಿರುವ ಒಂದು ಎಲೆ ಹುಡುಕಿ. ಎಳೆಯ ಎಲೆ ಸುರುಳಿಯಾಗಿರುತ್ತದೆ, ಇಲ್ಲವೇ ಬೀಸಣಿಗೆಯ ಹಾಗೆ ಮಡಚಿಕೊಂಡಿರುತ್ತದೆ. ಹಲವು ಗಿಡಗಳಲ್ಲಿ ಬಣ್ಣ ಇನ್ನೂ ಪೂರ್ತಿ ಹಸಿರಿಗೆ ತಿರುಗಿರುವುದಿಲ್ಲ. ತಿಳಿ ಹಳದಿಯೋ ತಾಮ್ರದ ಕೆಂಪೋ ಇರುತ್ತದೆ. ಹತ್ತಿರದಿಂದ ನೋಡಿದರೆ ಅದರ ಮೈಮೇಲೆ ಸಣ್ಣ ಕೂದಲು ಕಾಣಬಹುದು. ಬೆಳಕಿಗೆ ಅಡ್ಡವಾಗಿ ನೋಡಿ. ನಡುವಿನ ನರದಿಂದ ಕವಲು, ಕವಲಿನಿಂದ ಇನ್ನೂ ಸಣ್ಣ ಕವಲು, ಕೊನೆಗೆ ಬಲೆಯ ಹಾಗೆ ಹೆಣೆದುಕೊಂಡ ಗೆರೆಗಳು. ಅಂಚು ನಯವಾಗಿದೆಯಾ, ಗರಗಸದ ಹಾಗಿದೆಯಾ? ತುದಿಯಲ್ಲಿ ನೀರಿನ ಹನಿ ನಿಂತಿದೆಯಾ? ಹನಿ ಇದ್ದರೆ ಅದರೊಳಗೆ ಕಿಟಕಿ ತಲೆಕೆಳಗಾಗಿ ಕಾಣುತ್ತದೆ, ನೋಡಿ. ಎಲೆಯ ಅಡಿಯಲ್ಲಿ ಯಾವುದಾದರೂ ಪುಟ್ಟ ಹುಳ ಮನೆ ಮಾಡಿದೆಯಾ ಅಂತಲೂ ನೋಡಿ. ಐದು ನಿಮಿಷ ಆಯಿತಾ? ಸಾಕು ಅನ್ನಿಸಿದರೆ ಸಾಕು.

ಮರುದಿನ ಅದೇ ಎಲೆ. ಅದರ ಮರುದಿನವೂ ಅದೇ. ಇದೇ ಇದರ ಗುಟ್ಟು. ದಿನಕ್ಕೊಂದು ಹೊಸ ಚೆಂದ ಹುಡುಕಿಕೊಂಡು ಹೋಗಬೇಕಾದರೆ ಕಾಲು ಬೇಕು. ಒಂದೇ ಎಲೆಯ ಹತ್ತಿರ ಮತ್ತೆ ಮತ್ತೆ ಹೋದರೆ ಎಲೆಯೇ ದಿನಕ್ಕೊಂದು ಹೊಸದನ್ನು ತರುತ್ತದೆ. ಮೂರನೇ ದಿನ ಮಡಿಕೆ ಬಿಚ್ಚಿರುತ್ತದೆ. ಒಂದು ವಾರದಲ್ಲಿ ಕೆಂಪು ಹೋಗಿ ಹಸಿರು ಬಂದಿರುತ್ತದೆ. ಯಾವುದೋ ಹುಳ ಅಂಚನ್ನು ಅರ್ಧಚಂದ್ರದ ಹಾಗೆ ಕತ್ತರಿಸಿಕೊಂಡು ಹೋಗಿರುತ್ತದೆ, ಎಲೆ ಮಾತ್ರ ಆ ಕಚ್ಚಿದ ಗುರುತು ಇಟ್ಟುಕೊಂಡೇ ಬೆಳೆಯುತ್ತಿರುತ್ತದೆ. ನಾನು ಮಾತಾಡಿಸುತ್ತಿದ್ದ ಒಬ್ಬ ಹಿರಿಯರು, ಡಯಾಲಿಸಿಸ್‌ಗೆ ಹೋಗುತ್ತಿದ್ದವರು, ಒಂದು ಸಲ ಹೇಳಿದರು. "ನಾಳೆ ಏನಾಗಿದೆಯೋ ನೋಡಬೇಕು ಅನ್ನಿಸುತ್ತೆ ಮೇಡಂ. ನಾಳೆ ಬರಲಿ ಅಂತ ಅನ್ನಿಸಿ ಎಷ್ಟೋ ದಿನ ಆಗಿತ್ತು." ಅವರು ನೋಡುತ್ತಿದ್ದದ್ದು ಗೋಡೆಯ ಬಿರುಕಿನಲ್ಲಿ ಹುಟ್ಟಿದ ಒಂದು ಪುಟ್ಟ ಸಸಿಯನ್ನು.

ನೋಡಿದ ಮೇಲೆ ಒಂದು ಸಾಲು ಬರೆದಿಡಿ. ಬೆರಳು ನೋಯುವ ದಿನ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ. "ಇವತ್ತು ತುದಿ ಬಿಚ್ಚಿದೆ" ಅಷ್ಟೇ ಸಾಕು. ನೋವು ಎಷ್ಟಿತ್ತು ಅನ್ನುವುದನ್ನು ಆ ಪುಸ್ತಕದಲ್ಲಿ ಬರೆಯಬೇಡಿ. ಅದಕ್ಕೆ ಬೇರೆ ಪುಸ್ತಕ ಇರಲಿ.

ಇದೆಲ್ಲ ಬರೀ ಮನಸ್ಸಿನ ಸಮಾಧಾನವೇ ಅಂತ ಕೇಳುವವರಿದ್ದಾರೆ. ಗೊತ್ತಿರುವುದನ್ನು ಹೇಳುತ್ತೇನೆ. ರೋಜರ್ ಉಲ್ರಿಚ್ ಅನ್ನುವವರು 1984ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರ ಹಳೆಯ ದಾಖಲೆಗಳನ್ನು ಅವರು ತೆಗೆದು ನೋಡಿದ್ದರು. 23 ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ವಯಸ್ಸು ಮುಂತಾದವುಗಳಲ್ಲಿ ಅವರಿಗೆ ಹೊಂದುವ ಇನ್ನೂ 23 ಜನರ ಕಿಟಕಿಯಿಂದ ಇಟ್ಟಿಗೆಯ ಗೋಡೆ ಕಾಣುತ್ತಿತ್ತು. ಮರ ಕಂಡವರು ಸರಾಸರಿ ಮುಕ್ಕಾಲು ದಿನದಷ್ಟು ಬೇಗ ಮನೆಗೆ ಹೋಗಿದ್ದರು. ಅವರಿಗೆ ಬಲವಾದ ನೋವಿನ ಔಷಧಿಯೂ ಕಡಿಮೆ ಬೇಕಾಗಿತ್ತು. ಅವರು ಮರದ ಕೆಳಗೆ ನಡೆದಿರಲಿಲ್ಲ, ಮಲಗಿದಲ್ಲಿಂದ ನೋಡಿದ್ದರು. ನಿಮ್ಮ ಕಿಟಕಿಯನ್ನು ಹಗುರವಾಗಿ ಕಾಣಬೇಡಿ ಅನ್ನುವುದಕ್ಕೆ ಇದನ್ನು ಹೇಳಿದೆ. ಇದಕ್ಕೂ ನೂರಕ್ಕೆ ಹೆಚ್ಚು ವರ್ಷ ಮೊದಲೇ ಫ್ಲಾರೆನ್ಸ್ ನೈಟಿಂಗೇಲ್ ದಾದಿಯರಿಗೆ ಇದನ್ನೇ ಒತ್ತಿ ಹೇಳಿದ್ದರು. ಕಿಟಕಿಯಿಂದ ಹೊರಗೆ ನೋಡಲಾಗದೆ ರೋಗಿಗಳು ಪಡುವ ಸಂಕಟವನ್ನು ಆಕೆ ಬರೆದಿದ್ದಾರೆ. ಆಕೆಗೇ ಜ್ವರ ಬಂದಾಗ ಯಾರೋ ಕಳಿಸಿದ ಒಂದು ಗೊಂಚಲು ಕಾಡುಹೂವು ಕಂಡ ಹೊತ್ತಿನಿಂದ ತಾನು ಬೇಗ ಚೇತರಿಸಿಕೊಂಡೆ ಅಂತಲೂ ಬರೆದಿದ್ದಾರೆ.

2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು ಮಾಡಿದ ಇನ್ನೊಂದು ಅಧ್ಯಯನ ಇದೆ. ವಾರಕ್ಕೆ ಒಟ್ಟು 120 ನಿಮಿಷವಾದರೂ ಪ್ರಕೃತಿಯಲ್ಲಿ ಕಳೆದವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಅಂತ ಹೇಳುವುದು ಹೆಚ್ಚು. ದೀರ್ಘ ಕಾಯಿಲೆ ಇದ್ದವರಲ್ಲೂ ಹೀಗೇ ಕಂಡಿತು. ಒಂದೇ ಸಲ ಹೋದರೂ ಚೂರು ಚೂರಾಗಿ ಹೋದರೂ ವ್ಯತ್ಯಾಸ ಕಾಣಲಿಲ್ಲ. ಆದರೆ ಈ ಸಂಖ್ಯೆಯನ್ನು ಗೋಡೆಗೆ ಬರೆದು ಅಂಟಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ. ಚೆನ್ನಾಗಿರುವವರೇ ಹೆಚ್ಚು ಹೊರಗೆ ಹೋಗುತ್ತಾರೆ ಅನ್ನುವುದೂ ಇದರಲ್ಲಿ ಸೇರಿರಬಹುದು. ಅಲ್ಲದೆ ನಿಮಗೆ ಇನ್ನೊಂದು ಗುರಿ ಬೇಡ. ಗುರಿ ಮುಟ್ಟದ ದಿನ ನೀವು ನಿಮ್ಮನ್ನೇ ಸೋತವಳು ಅಂದುಕೊಳ್ಳುತ್ತೀರಿ, ಆ ಕೆಲಸವನ್ನು ಕಾಯಿಲೆ ಆಗಲೇ ಬೇಕಾದಷ್ಟು ಮಾಡಿದೆ.

ಇನ್ನೂ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಹಸಿರು ನೋಡಿದರೆ ನಿಮ್ಮ ಕೀಲುಗಳ ಒಳಗಿನ ಉರಿಯೂತ ನಿಲ್ಲುವುದಿಲ್ಲ. ನಿಮ್ಮ ರೋಗನಿರೋಧಕ ವ್ಯವಸ್ಥೆ ನಿಮ್ಮದೇ ಕೀಲಿನ ಪೊರೆಯ ಮೇಲೆ ಬಿದ್ದಿದೆ, ಅದನ್ನು ಹಿಡಿತದಲ್ಲಿಡಲು ಔಷಧಿ ಬೇಕೇ ಬೇಕು. ಯಾರಾದರೂ "ಮಾತ್ರೆ ಬಿಡು, ಕಾಡಿಗೆ ಹೋಗು" ಅಂದರೆ ಕೇಳಬೇಡಿ. ಗಿಡದ ಪಕ್ಕ ಕೂರುವುದು ಔಷಧಿಯ ಬದಲಿಗೆ ಅಲ್ಲ. ಔಷಧಿ ಕೊಡಲಾಗದ್ದು ಒಂದಿದೆ, ಅದಕ್ಕಾಗಿ.

ನೋವು ಕೆರಳಿದ ದಿನಗಳಲ್ಲಿ ಕುರ್ಚಿಯವರೆಗೂ ಹೋಗಲಾಗುವುದಿಲ್ಲ. ಆಗ ಏನು? ಹಾಸಿಗೆಯಿಂದ ಕಾಣುವ ಬಿಸಿಲಿನ ತುಂಡು ಇದೆಯಲ್ಲ, ಗೋಡೆಯ ಮೇಲೋ ನೆಲದ ಮೇಲೋ ಬಿದ್ದದ್ದು, ಅದನ್ನು ನೋಡಿ. ಅದರ ಅಂಚು ಯಾವ ಗೆರೆಯ ಹತ್ತಿರ ಇದೆ ಅಂತ ಗುರುತು ಹಾಕಿಕೊಳ್ಳಿ. ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆಯಿರಿ. ಅದು ಸರಿದಿರುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಆ ತಿರುಗುವಿಕೆಯೇ ನಿಮ್ಮ ಗೋಡೆಯ ಮೇಲೆ ನಡೆದುಹೋಗುತ್ತಿದೆ. ಹಾಸಿಗೆಯ ಮೇಲೆ ಕದಲದೆ ಮಲಗಿರುವ ನೀವೂ ಅದರ ಜೊತೆ ತಿರುಗುತ್ತಿದ್ದೀರಿ. ಬೆಳಕು ಕಣ್ಣಿಗೆ ಚುಚ್ಚುವ ದಿನವಾದರೆ ಕಿವಿ ಸಾಕು. ತೀರಾ ದೂರದ ಶಬ್ದ ಯಾವುದು, ತೀರಾ ಹತ್ತಿರದ್ದು ಯಾವುದು? ಹಕ್ಕಿ ಕೂಗಿದರೆ ಹೆಸರು ಹುಡುಕುವುದು ಬೇಡ. ಅದು ಎಷ್ಟು ಹೊತ್ತು ಬಿಟ್ಟು ಮತ್ತೆ ಕೂಗುತ್ತದೆ, ಉತ್ತರ ಕೊಡುವ ಇನ್ನೊಂದು ಹಕ್ಕಿ ಇದೆಯಾ ಅಂತ ಕೇಳಿಸಿಕೊಳ್ಳಿ. ಮಳೆ ಬಂದರೆ ಯಾರಿಗಾದರೂ ಹೇಳಿ ಕಿಟಕಿ ತೆಗೆಸಿಕೊಳ್ಳಿ. ಆ ಹಸಿಮಣ್ಣಿನ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಅನ್ನುವ ವಸ್ತು, ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ತಯಾರಿಸುತ್ತವೆ. ಗಾಳಿಯಲ್ಲಿ ಅದು ಇದ್ದೂ ಇಲ್ಲದಷ್ಟಿದ್ದರೂ ಮನುಷ್ಯರ ಮೂಗು ಹಿಡಿದುಬಿಡುತ್ತದೆ. ಕೀಲುಗಳು ಏನೇ ಮಾಡಲಿ, ನಿಮ್ಮ ಮೂಗು ಇನ್ನೂ ಇಷ್ಟು ಚುರುಕಾಗಿದೆ.

ಚೆನ್ನಾಗಿರುವ ದಿನಗಳಲ್ಲೇ ಅಪಾಯ ಜಾಸ್ತಿ. ಇವತ್ತು ಹಗುರಾಗಿದೆ ಅಂತ ಹುರುಪಿನಲ್ಲಿ ಇಡೀ ಪಾರ್ಕು ಸುತ್ತಿ ಬಂದರೆ ಮುಂದಿನ ಮೂರು ದಿನ ಮಲಗಬೇಕಾಗುತ್ತದೆ. ಹಾಗೆ ಎರಡು ಸಲ ಆದರೆ ಮನಸ್ಸು ಮರವನ್ನೂ ನೋವನ್ನೂ ಗಂಟು ಹಾಕಿಬಿಡುತ್ತದೆ. ಅದಕ್ಕೆ ಇನ್ನೂ ಆಗುತ್ತದೆ ಅನ್ನಿಸುವಾಗಲೇ ವಾಪಸ್ ಬನ್ನಿ. ನಿಮ್ಮಿಂದ ಆಗುವುದರಲ್ಲಿ ಅರ್ಧವನ್ನು ಮಾತ್ರ ಬಳಸಿ. ಕೂರಲು ಜಾಗ ಎಲ್ಲೆಲ್ಲಿದೆ ಅಂತ ಮೊದಲೇ ತಿಳಿದುಕೊಂಡು ಹೊರಡಿ. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ದೀರ್ಘ ಆಯಾಸದ ಕಾಯಿಲೆ, ಅಂದರೆ ಎಂಇ ಅಥವಾ ಸಿಎಫ್‌ಎಸ್ ಇದ್ದರೆ ಇನ್ನೂ ಎಚ್ಚರ ಬೇಕು. ಅದರಲ್ಲಿ ಶ್ರಮದ ಪೆಟ್ಟು ಆಗಲೇ ಗೊತ್ತಾಗುವುದಿಲ್ಲ, ಸಾಮಾನ್ಯವಾಗಿ 12ರಿಂದ 48 ಗಂಟೆ ಬಿಟ್ಟು ಬೀಳುತ್ತದೆ.

ನಿಮ್ಮ ವೈದ್ಯರ ಹತ್ತಿರ ಎರಡು ವಿಷಯ ಕೇಳಿ ಇಟ್ಟುಕೊಳ್ಳಿ. ನೀವು ತೆಗೆದುಕೊಳ್ಳುತ್ತಿರುವ ಔಷಧಿ ಬಿಸಿಲಿಗೆ ಚರ್ಮ ಬೇಗ ಸುಡುವಂತೆ ಮಾಡುತ್ತದೆಯೇ? ಕೆಲವು ಮಾಡುತ್ತವೆ. ಲೂಪಸ್, ಅಂದರೆ ರೋಗನಿರೋಧಕ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಇನ್ನೊಂದು ಕಾಯಿಲೆ ಇರುವವರಲ್ಲಿ ಅನೇಕರಿಗೆ ಬಿಸಿಲೇ ಕಾಯಿಲೆಯನ್ನು ಕೆರಳಿಸುತ್ತದೆ, ಅವರು ನೆರಳನ್ನೇ ಹಿಡಿಯಬೇಕು. ಎರಡನೆಯದು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಇದ್ದರೆ ಮಣ್ಣು ಮುಟ್ಟಬಹುದೇ? ಸಾಮಾನ್ಯವಾಗಿ ಕೈಗವಸು ಹಾಕಿಕೊಳ್ಳಿ, ಒಣ ಗೊಬ್ಬರದ ಧೂಳು ಉಸಿರಿಗೆ ಹೋಗದಂತೆ ನೋಡಿಕೊಳ್ಳಿ ಅನ್ನುತ್ತಾರೆ. ಕೀಮೋಥೆರಪಿಯಲ್ಲಿ ಬಿಳಿ ರಕ್ತಕಣ ತೀರಾ ಇಳಿದಿರುವವರಿಗೆ ಕೋಣೆಯಲ್ಲಿ ಕುಂಡವೂ ಬೇಡ ಅನ್ನಬಹುದು. ಹಾಗೆಂದರೆ ಗಾಜಿನ ಆಚೆಯ ಮರ ಇದ್ದೇ ಇದೆ.

ಈಗ ನೀವು ನಡುವೆ, ಸಣ್ಣ ದನಿಯಲ್ಲಿ ಕೇಳಿದ ಮಾತು. ಖುಷಿಪಟ್ಟರೆ ಕಾಯಿಲೆ ಸುಳ್ಳಾಗುತ್ತದೆಯೇ?

1990ರ ದಶಕದಲ್ಲಿ ಸೂಸನ್ ಫೋಕ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಡ್ಸ್‌ನಿಂದ ಸಾಯುತ್ತಿದ್ದವರನ್ನು ನೋಡಿಕೊಳ್ಳುತ್ತಿದ್ದ ಅವರ ಸಂಗಾತಿಗಳನ್ನು ಮಾತಾಡಿಸುತ್ತಿದ್ದರು. ಸಂಶೋಧಕರ ಪ್ರಶ್ನೆಗಳೆಲ್ಲ ಕಷ್ಟದ ಬಗ್ಗೆಯೇ ಇದ್ದವು. ಸ್ವಲ್ಪ ದಿನದಲ್ಲೇ ಆ ಜನ ತಾವಾಗಿ ಹೇಳಿದರು, ನೀವು ಒಳ್ಳೆಯ ಗಳಿಗೆಗಳ ಬಗ್ಗೆ ಕೇಳುತ್ತಲೇ ಇಲ್ಲವಲ್ಲ. ಆಮೇಲೆ ಆ ಪ್ರಶ್ನೆಯನ್ನೂ ಸೇರಿಸಿದರು. ಹೆಚ್ಚುಕಡಿಮೆ ಎಲ್ಲರ ಹತ್ತಿರವೂ ಹೇಳಲು ಏನಾದರೂ ಇತ್ತು. ಎಲ್ಲ ಸಣ್ಣಪುಟ್ಟ ದಿನನಿತ್ಯದ ಸಂಗತಿಗಳು. ಬದುಕಿನ ಅತಿ ಕೆಟ್ಟ ದಿನಗಳಲ್ಲಿ ಅವರಿಗೆ ಸಂಕಟವೂ ಇತ್ತು, ಖುಷಿಯೂ ಇತ್ತು, ಎರಡೂ ಒಂದೇ ವಾರದಲ್ಲಿ. ಒಂದು ಬಂದಾಗ ಇನ್ನೊಂದು ಹೊರಗೆ ಹೋಗಿರಲಿಲ್ಲ. ಖುಷಿಯೂ ನೋವೂ ಒಂದೇ ತಕ್ಕಡಿಯ ಎರಡು ತಟ್ಟೆಗಳು ಅಂತ ನಾವು ಅಂದುಕೊಂಡಿದ್ದೇವೆ. ಹಾಗಿಲ್ಲ. ನಿಮ್ಮ ಮಂಡಿಯ ಊತ ಅಳಿಲು ಬಂದಾಗಲೂ ಇತ್ತು, ಹೋದ ಮೇಲೂ ಇತ್ತು. ನಡುವೆ ನೀವು ನಕ್ಕಿರಿ. ಮೂರೂ ನಿಜ.

ಮನೆಯವರು ತಪ್ಪು ತಿಳಿಯುತ್ತಾರೆ ಅನ್ನುವ ಭಯಕ್ಕೆ ಕಾರಣ ಇಲ್ಲ ಅಂತ ನಾನು ಹೇಳುವುದಿಲ್ಲ. ಹೊರಗೆ ಕಾಣದ ಕಾಯಿಲೆ ಇರುವವರು ತಮ್ಮ ನೋವನ್ನು ನಂಬಿಸಲು ಎಷ್ಟು ಹೆಣಗಬೇಕು ಅನ್ನುವುದು ನನಗೆ ಗೊತ್ತು. ಅದಕ್ಕೆ ಮುಖ ಸಪ್ಪಗೆ ಇಟ್ಟುಕೊಂಡು ಕಾಯಿಲೆಗೆ ಸಾಕ್ಷಿ ಹೇಳಬೇಕಾಗುತ್ತದೆ. ಇದರ ಬದಲು ಬಾಯಿಬಿಟ್ಟು ಹೇಳಿ. "ಇವತ್ತು ಕೈ ತುಂಬಾ ನೋಯ್ತಿದೆ. ಆದರೂ ಈ ಹಕ್ಕಿ ನೋಡಿ ಖುಷಿಯಾಯ್ತು." ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ. ಮೊದಲ ನಾಲ್ಕು ಸಲ ಅವರಿಗೆ ವಿಚಿತ್ರ ಅನ್ನಿಸಬಹುದು. ಆಮೇಲೆ ಅರ್ಥವಾಗುತ್ತದೆ.

ಒಂದು ವಿಷಯಕ್ಕೆ ಮಾತ್ರ ಕಾಯಬೇಡಿ. ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದೂ ರುಚಿಸದೆ ಹೋದರೆ, ಅಳಿಲು ಬಂದರೂ ಎಲೆ ಬಿಚ್ಚಿದರೂ ಒಳಗೆ ಏನೂ ಅಲುಗದಿದ್ದರೆ, ಬದುಕುವುದೇ ಬೇಡ ಅನ್ನಿಸಿದರೆ, ಅದು ನೀವು ಸರಿಯಾಗಿ ನೋಡಲಿಲ್ಲ ಅಂತಲ್ಲ. ಅದು ಖಿನ್ನತೆ ಇರಬಹುದು. ನಿಮ್ಮ ಕಾಯಿಲೆ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಹೆಚ್ಚು ಕಾಣುತ್ತದೆ, ಅದಕ್ಕೆ ಒಳ್ಳೆಯ ಚಿಕಿತ್ಸೆಯೂ ಇದೆ. ಬದುಕು ಬೇಡ ಅನ್ನುವ ಯೋಚನೆ ಬಂದರೆ ಎರಡು ವಾರ ಎಣಿಸಬೇಡಿ, ಅವತ್ತೇ ಮನೆಯವರಿಗೋ ವೈದ್ಯರಿಗೋ ಹೇಳಿ. ಮುಂದಿನ ಸಲ ವೈದ್ಯರು ಕೀಲುಗಳ ಬಗ್ಗೆ ಕೇಳಿ ಮುಗಿಸಿದ ಮೇಲೆ ಮನಸ್ಸಿನ ಬಗ್ಗೆ ನೀವೇ ಮಾತು ತೆಗೆಯಿರಿ.

ಇನ್ನು ನಿಮ್ಮ ಗಂಡ. ಅವರು ಹೆಜ್ಜೆಗೊಮ್ಮೆ ಕೇಳುವುದು ಭಯದಿಂದ. ನಿಮಗೆ ನೋವಾದರೆ ಅವರ ಕೈಯಲ್ಲಿ ಮಾಡಲು ಏನೂ ಇಲ್ಲ, ಕೇಳುವುದೊಂದೇ ಇದೆ. ಕೇಳಬೇಡಿ ಅಂದರೆ ಅವರಿಗೆ ಅದೂ ಇಲ್ಲವಾಗುತ್ತದೆ. ಅದಕ್ಕೆ ಬೇರೆ ಕೆಲಸ ಕೊಡಿ. ಹೊರಡುವ ಮೊದಲೇ ಮಾತಾಡಿಕೊಳ್ಳಿ. ನೋವು ಹೆಚ್ಚಾದರೆ ನೀವೇ ಅವರ ತೋಳು ಮುಟ್ಟುತ್ತೀರಿ, ಅಲ್ಲಿಯವರೆಗೆ ಅವರು ಕೇಳುವ ಹಾಗಿಲ್ಲ. ಅದರ ಬದಲು ಅವರು ನಿಮಗೆ ತೋರಿಸಲು ಏನಾದರೂ ಒಂದನ್ನು ಹುಡುಕಬೇಕು. ನೀವೂ ಅವರಿಗೆ ಒಂದನ್ನು ಹುಡುಕಬೇಕು. ಕಲ್ಲುಬೆಂಚಿನ ಮೇಲೆ ಕೂತಲ್ಲಿಂದಲೇ ಕಾಣುವಂಥದ್ದು. ಇರುವೆಯ ಸಾಲಾಗಬಹುದು, ತೊಗಟೆಯ ಮೇಲಿನ ಪಾಚಿಯಾಗಬಹುದು. ಮೊದಲ ದಿನ ಅವರಿಗೆ ಏನೂ ಸಿಗುವುದಿಲ್ಲ. ಸುಮ್ನೆ ಬಿಡಿ, ಅವಸರ ಮಾಡಬೇಡಿ. ಎರಡನೇ ವಾರದ ಹೊತ್ತಿಗೆ ಅವರೇ ಬಗ್ಗಿ ಯಾವುದೋ ಎಲೆಯ ಅಡಿ ನೋಡುತ್ತಾ "ಇಲ್ಲಿ ಬಾ, ಇದನ್ನು ನೋಡು" ಅನ್ನಬಹುದು. ಆಗ ನಿಧಾನಕ್ಕೆ ಏಳಿ. ಅವರ ತೋಳಿನ ಆಸರೆ ತೆಗೆದುಕೊಂಡು ಹೋಗಿ ನೋಡಿ. ಏನಿತ್ತು ಅಂತ ನನಗೂ ಬರೆಯಿರಿ.